ನಿಮ್ಮ ಓಣಿಯ ನಕ್ಷೆ ನೀವೇ ಮಾಡಿ: ಒಂದು ಟೇಪು, ಒಂದು ಮೊಬೈಲು ಸಾಕು

ಬೆಳಗಾವಿಗೆ ಸ್ಮಾರ್ಟ್ ಸಿಟಿ ಪಟ್ಟ ಸಿಕ್ಕಿದ್ದು 2016ರ ಜನವರಿಯಲ್ಲಿ, ದೇಶದ ಮೊದಲ 20 ನಗರಗಳ ಪಟ್ಟಿಯಲ್ಲೇ. ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಕ್ಯಾಮೆರಾ ಬಂದವು, ಅವನ್ನು ಒಂದೆಡೆಯಿಂದ ನೋಡುವ ಕಮಾಂಡ್ ಸೆಂಟರ್ ಬಂತು. ಆದರೆ ಗಾಲಿಕುರ್ಚಿಯಲ್ಲಿ ಓಡಾಡುವವರು ನಿಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಾಗ ಎಲ್ಲೆಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕು? ಅದನ್ನು ಯಾವ ಕ್ಯಾಮೆರಾನೂ ಬರೆದಿಟ್ಟುಕೊಳ್ಳುವುದಿಲ್ಲ. ನಡೆದು ನೋಡಿದವರೇ ಬರೆಯಬೇಕು.

ಖರ್ಚು ಕಡಿಮೆ. ಒಂದು ಆಂಡ್ರಾಯ್ಡ್ ಫೋನ್, ಐದು ಮೀಟರಿನ ಟೇಪು, ಸೀಮೆಸುಣ್ಣ, ಜೊತೆಗೆ ನಾಲ್ಕೈದು ಜನ.

ಯಾರ ಜೊತೆ ನಡೆಯುತ್ತೀರಿ?

ಆ್ಯಪ್ ಆಯ್ಕೆ ಆಮೇಲೆ. ಮೊದಲು ಜನರನ್ನು ಆರಿಸಿ. ನಾಲ್ಕು ಗಟ್ಟಿಮುಟ್ಟು ಹುಡುಗರು ಅಳತೆಗೆ ಹೊರಟರೆ ಎಲ್ಲ ಫುಟ್‌ಪಾತೂ ಚೆನ್ನಾಗಿಯೇ ಕಾಣುತ್ತದೆ. ಮಂಡಿನೋವಿನ ಅಜ್ಜಿ, ಮಗುವನ್ನು ಶಾಲೆಗೆ ಬಿಡುವ ತಾಯಿ, ಸಾಧ್ಯವಾದರೆ ಕಣ್ಣು ಕಾಣದವರು ಅಥವಾ ಗಾಲಿಕುರ್ಚಿ ಬಳಸುವವರು ಜೊತೆಗಿರಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲೇ ಟೇಪು ಬಿಚ್ಚಿ.

ಪಾಲಿಕೆಗೆ ಬರುವ ದೂರುಗಳ ಲೆಕ್ಕ ನೋಡಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಆ್ಯಪ್‌ನಲ್ಲಿ ದೂರು ಕೊಡುವವರು ಸ್ಮಾರ್ಟ್‌ಫೋನ್ ಇದ್ದವರು, ಅರ್ಜಿ ಬರೆದು ರೂಢಿ ಇರುವವರು. ದೂರು ಕಡಿಮೆ ಬಂದ ಓಣಿಯಲ್ಲಿ ತೊಂದರೆ ಕಡಿಮೆ ಎಂದರ್ಥವಲ್ಲ. ಹೇಳುವವರು ಇಲ್ಲದಿರಬಹುದು, ಅಷ್ಟೇ.

ಇನ್ನೊಂದು ಮಾತು. ಬೆಳಗಾವಿಯಲ್ಲಿ ಕನ್ನಡದಲ್ಲಷ್ಟೇ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಪ್ರಶ್ನೆಗಳು ಮರಾಠಿ, ಉರ್ದುವಿನಲ್ಲೂ ಇರಲಿ. ಕೋಬೊ ಟೂಲ್‌ಬಾಕ್ಸ್ ಎಂಬ ಉಚಿತ ಸಾಧನದಲ್ಲಿ ಒಂದೇ ಫಾರ್ಮನ್ನು ಹಲವು ಭಾಷೆಗಳಲ್ಲಿ ಮಾಡಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ತುಂಬಿಸಿ, ಮನೆಗೆ ಬಂದು ಕಳಿಸಬಹುದು.

ಅರ್ಧ ಕಿಲೋಮೀಟರ್ ಮಾತ್ರ

ಪಾಲಿಕೆಯಲ್ಲಿ 58 ವಾರ್ಡ್‌ಗಳಿವೆ. ಇಡೀ ವಾರ್ಡ್ ಅಳೆಯಲು ಹೊರಟರೆ ಎರಡನೇ ಭಾನುವಾರಕ್ಕೆ ಯಾರೂ ಬರುವುದಿಲ್ಲ. ಮನೆಯಿಂದ ಬಸ್ ಸ್ಟಾಪ್, ಶಾಲೆಯಿಂದ ಮುಖ್ಯರಸ್ತೆ, ಹೀಗೆ ಜನ ದಿನಾ ನಡೆಯುವ ಒಂದು ದಾರಿ ಹಿಡಿಯಿರಿ. ಎರಡು ಸಲ ನಡೆಯಿರಿ: ಶಾಲೆ ಶುರುವಾಗುವ ಹೊತ್ತಿಗೊಮ್ಮೆ, ಕತ್ತಲಾದ ಮೇಲೊಮ್ಮೆ.

ಅಳೆಯುವುದು ಹೀಗೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಖುಲ್ಲಾ ಜಾಗ ಬೇಕು, ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ಅಗಲ ಅಳೆಯುವಾಗ ಗೋಡೆಯಿಂದ ಕಲ್ಲಿನ ಅಂಚಿನವರೆಗೆ ಟೇಪು ಎಳೆಯಬೇಡಿ. ಟ್ರಾನ್ಸ್‌ಫಾರ್ಮರ್, ಕಂಬ, ಅಂಗಡಿ ಬೋರ್ಡು, ನಿಲ್ಲಿಸಿದ ಬೈಕು ಕಳೆದು ಉಳಿದದ್ದೇ ನಿಜವಾದ ಅಗಲ.

ಎತ್ತರಕ್ಕೂ ಇಳಿಜಾರಿಗೂ ಒಂದು ಸುಲಭ ಲೆಕ್ಕವಿದೆ. ರ‍್ಯಾಂಪ್‌ಗೆ ಒಪ್ಪಿತ ಪ್ರಮಾಣ 1ಕ್ಕೆ 12. ಅಂದರೆ 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದದ ಇಳಿಜಾರು. ಫುಟ್‌ಪಾತ್ 25 ಸೆಂ.ಮೀ. ಏರಿದ್ದರೆ 3 ಮೀಟರ್ ಬೇಕು. ಒಂದೂವರೆ ಅಡಿ ಉದ್ದದಲ್ಲಿ ಸಿಮೆಂಟ್ ಬಳಿದು ‘ರ‍್ಯಾಂಪ್ ಮಾಡಿದ್ದೇವೆ’ ಅಂದರೆ ಅದು ಜಾರುಬಂಡೆ. ಅಳತೆಯನ್ನು ಸೀಮೆಸುಣ್ಣದಲ್ಲಿ ಅಲ್ಲೇ ಬರೆದು, ಟೇಪು ಕಾಣುವಂತೆ ಫೋಟೊ ತೆಗೆಯಿರಿ.

ಬೆಳಕಿಗೆ ಫೋನಿನ ಲೈಟ್ ಮೀಟರ್ ಆ್ಯಪ್ ಸಾಕು. ಒಂದೊಂದು ಫೋನು ಒಂದೊಂದು ಅಂಕಿ ತೋರಿಸುತ್ತದೆ, ಹಾಗಾಗಿ ಪೂರ್ತಿ ದಾರಿಗೆ ಒಂದೇ ಫೋನು, ಒಂದೇ ಎತ್ತರ. ಬೆಳಕೊಂದೇ ನೋಡಿದರೆ ಆಗದು. 2013ರಲ್ಲಿ ಶುರುವಾದ ಸೇಫ್ಟಿಪಿನ್ ಆ್ಯಪ್, ಸುತ್ತ ಜನ ಇದ್ದಾರಾ, ಹೆಂಗಸರು ಓಡಾಡುತ್ತಾರಾ, ಕಿಟಕಿ-ಬಾಗಿಲುಗಳಿಂದ ದಾರಿ ಕಾಣುತ್ತದಾ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ಪ್ರಶ್ನೆಗಳನ್ನು ನಿಮ್ಮ ಫಾರ್ಮಿಗೂ ಸೇರಿಸಿ.

ಮಳೆಗಾಲದ ಗೆರೆ

ಶಹಾಪುರ, ವಡಗಾವಿ ಕಡೆಯವರಿಗೆ ಮಳೆಗಾಲದಲ್ಲಿ ಉಕ್ಕುವ ಬಳ್ಳಾರಿ ನಾಲಾ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಜೋರು ಮಳೆ ನಿಂತ ಮರುದಿನವೇ ಹೋಗಿ, ಗೋಡೆಯ ಮೇಲಿನ ಕೆಸರು ಗೆರೆ ನೆಲದಿಂದ ಎಷ್ಟು ಎತ್ತರಕ್ಕಿದೆ ಅಳೆಯಿರಿ. 2019ರ ಆಗಸ್ಟ್‌ನಲ್ಲಿ ಪ್ರವಾಹದ ನೀರು ಎಲ್ಲಿವರೆಗೆ ಬಂದಿತ್ತು ಎಂದು ನೇಕಾರರ ಮನೆಗಳಲ್ಲಿ ಕೇಳಿ, ಮಗ್ಗದ ಯಾವ ಭಾಗದವರೆಗೆ ಅಂತ ಕೈ ಇಟ್ಟು ತೋರಿಸುತ್ತಾರೆ. ನಾಲಾ ಜಾಗ ಎಲ್ಲಿಂದ ಎಲ್ಲಿಗೆ ಎಂಬ ಅನುಮಾನವಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ.

ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಸುಮ್ನೆ ಹಾಕಬೇಡಿ. ಹಾಗೆ ಕಳಿಸಿದ ಫೋಟೊದಿಂದ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ, ಇಕ್ಕಟ್ಟಾದ ಗಲ್ಲಿಗಳಲ್ಲಿ ಇನ್ನೂ ಜಾಸ್ತಿ. ‘ಹಿಟ್ಟಿನ ಗಿರಣಿ ಎದುರು’ ಅಂತ ಪಕ್ಕದಲ್ಲಿ ಬರೆದಿಡಿ.

ನಕ್ಷೆಗೆ ಏರಿಸುವುದು

ಫುಟ್‌ಪಾತ್ ಇದೆಯಾ, ಬೀದಿದೀಪ ಇದೆಯಾ ಎಂಬಂಥ ಸಾರ್ವಜನಿಕ ವಿಷಯಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಕೊಂಡರೆ ಅದೇ ಪ್ರಶ್ನೆ ಕೇಳುತ್ತದೆ, ನೀವು ಉತ್ತರ ಒತ್ತಿದರಾಯಿತು. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ.

ಏನನ್ನು ಹಾಕಬಾರದು ಎಂಬುದೂ ಅಷ್ಟೇ ಮುಖ್ಯ. ಇಂಥ ಮನೆಯಲ್ಲಿ ಅಂಗವಿಕಲರಿದ್ದಾರೆ, ಇಂಥ ಮೂಲೆಯಲ್ಲಿ ಹುಡುಗಿಯರು ಹೆದರುತ್ತಾರೆ ಎಂಬುದು ಊರಿಗೆಲ್ಲ ಕಾಣುವ ನಕ್ಷೆಯಲ್ಲಿ ಬೇಡ. ಅದು ನಿಮ್ಮ ಗುಂಪಿನ ಹಾಳೆಯಲ್ಲೇ ಇರಲಿ, ಹೆಸರಿಲ್ಲದೆ.

ಯಾರಿಗೆ ಕೊಡಬೇಕು?

ಎಷ್ಟೋ ಅರ್ಜಿಗಳು ದಿಕ್ಕು ತಪ್ಪುವುದು ಇಲ್ಲೇ. ಕ್ಯಾಂಪ್ ಪ್ರದೇಶದ ರಸ್ತೆಯಾದರೆ ಪಾಲಿಕೆಗೆ ಕೊಟ್ಟು ಪ್ರಯೋಜನವಿಲ್ಲ, ಅದು ದಂಡು ಮಂಡಳಿಯದು, ಅಂದರೆ ಕಂಟೋನ್ಮೆಂಟ್ ಬೋರ್ಡಿನದು. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಹೆಸ್ಕಾಂದು. ಕೆಲವು ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಾಳೆಯಲ್ಲಿ ‘ಯಾರದು’ ಎಂಬ ಕಾಲಂ ಮೊದಲೇ ಇರಲಿ.

ನಗರಸೇವಕರ ಮುಂದೆ ನಲವತ್ತು ಸಮಸ್ಯೆಯ ಪಟ್ಟಿ ಇಟ್ಟರೆ ‘ನೋಡೋಣ’ ಎಂಬ ಉತ್ತರ ಖಾತ್ರಿ. ಒಂದೇ ಹಾಳೆಯ ನಕ್ಷೆ, ಮೂರೇ ಕೆಲಸ, ಪ್ರತಿಯೊಂದಕ್ಕೂ ಅಳತೆ ಮತ್ತು ಫೋಟೊ. ಬಜೆಟ್ ತಯಾರಿಗೆ ಮುಂಚೆ, ಜನವರಿ ಹೊತ್ತಿಗೆ ಕೊಟ್ಟರೆ ಒಳ್ಳೆಯದು. ವಾರ್ಡ್ ಸಮಿತಿ ನಡೆಯುತ್ತಿದ್ದರೆ ಅಲ್ಲೂ ಓದಿ. ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ್ದಕ್ಕೆ ಕಚೇರಿ ಕೊಡುವ ಸಂಖ್ಯೆ) ಇಲ್ಲದೆ ಕಚೇರಿಯಿಂದ ಹೊರಬೀಳಬೇಡಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಕೆಲಸ ಮಂಜೂರಾದರೆ ಅಂದಾಜು ಪಟ್ಟಿಯ ಪ್ರತಿಯನ್ನೂ ಹೀಗೇ ಕೇಳಿ. ರ‍್ಯಾಂಪ್‌ನ ಉದ್ದ ಅದರಲ್ಲಿ ಎಷ್ಟು ಬರೆದಿದೆ ನೋಡಿಕೊಂಡು, ಕಾಂಕ್ರೀಟ್ ಸುರಿಯುವ ದಿನವೇ ಟೇಪು ಹಿಡಿದು ಹೋಗಿ. ಗುತ್ತಿಗೆದಾರರ ಬಿಲ್ ಪಾಸಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.