ಕೆಲಸಕ್ಕೆ ಕೈ ಹಚ್ಚುವ ಮುಂಚೆ ಒಂದು ಮಾತಿನ ಪ್ರಾರ್ಥನೆ

ಕೆಲಸ ಶುರು ಮಾಡುವಾಗ ಅದು ಯಾರಿಗೆ ಮುಟ್ಟುತ್ತದೋ ಅವರನ್ನು ನೆನೆದು, 'ಕರ್ತನೇ, ಇದು ನಿನಗೆ, ಅವರಿಗಾಗಿ' ಅಂತ ಒಂದೇ ಮಾತು ಪ್ರಾರ್ಥಿಸ್ರಿ. ಕಲಬುರಗಿಯಲ್ಲಿ ತೊಗರಿ ಹಸನು ಮಾಡುವವರಿಗೆ ಅದನ್ನು ಉಣ್ಣುವ ಮನೆ, ಬೀದರಿನಲ್ಲಿ ಬಿದರಿ ಕಲೆಯ ಪಾತ್ರೆಗೆ ಬೆಳ್ಳಿ ಎಳೆ ಕೂಡಿಸುವವರಿಗೆ ಅದನ್ನು ಕೈಯಲ್ಲಿ ಹಿಡಿಯುವವರು. ಬೇರೆ ಸಮಯ ತೆಗೆದಿಡಬೇಕಿಲ್ಲ, ಕೆಲಸವೇ ನೆನಪಿಸುತ್ತದೆ. ಮನಸಾರೆ ಕರ್ತನಿಗೆಂದು ಮಾಡಿರಿ ಅನ್ನುವ ಬೈಬಲಿನ ಕೊಲೊಸ್ಸೆ 3:23ರ ಮಾತು ಮೊದಲು ದಾಸರಿಗೆ ಹೇಳಿದ್ದು, ಅಂದರೆ ಕೆಲಸ ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರಿಗೆ. ಹಂಗಾಗಿ ನಮ್ಮದು ಸಣ್ಣ ಕೆಲಸ ಅಂತ ಹಿಂಜರಿಯಬೇಡ್ರಿ. ಆದರೆ ಕೂಲಿ ಕೊಡದ ಕಡೆ ಇದು ನಡೆಯುವುದಿಲ್ಲ, ನಡೆಸಲೂಬಾರದು. ಕೊಯ್ಲಿನವರಿಂದ ತಡೆಹಿಡಿದ ಕೂಲಿ ಕೂಗುತ್ತದೆ ಅಂತ ಯಾಕೋಬ 5:4 ಹೇಳುತ್ತದೆ. ಅಲ್ಲಿ ಮೊದಲು ಹಕ್ಕಿನ ಹಣ ಕೇಳ್ರಿ. ಇನ್ನು ದಾಲ್ ಮಿಲ್‌ನವರು ಸ್ವಿಚ್ ಹಾಕುವ ಮೊದಲೇ ಪ್ರಾರ್ಥನೆ ಮುಗಿಸ್ರಿ, ಯಂತ್ರದ ಮುಂದೆ ಕಣ್ಣು ಮುಚ್ಚಬೇಡ್ರಿ.