ಎಂ13 ಫೇಜ್‌ಗೆ ಸಕ್ಕರೆ ಹೊದಿಸಿದ ನಮ್ಮ ಅನುಭವ

ಎಂ13 ಒಂದು ಫೇಜ್, ಅಂದರೆ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೋಂಕುವ ವೈರಸ್. ಪ್ರತಿಕಾಯಗಳಿಂದ ಮರೆಮಾಡಲು ಅದಕ್ಕೆ ಸಕ್ಕರೆ ಹೊದಿಸಿದೆವು. ಸಕ್ಕರೆ ಅಂಟಿಸಿದರೆ ಫೇಜ್ ಸತ್ತೇ ಹೋಗುತ್ತದೆ ಎಂದು ವಾದಿಸಿದವರಿದ್ದರು. ಸಾಯಲಿಲ್ಲ. ಸೋಂಕಿಗೆ ಬೇಕಾದದ್ದು ತುದಿಯ ಪಿ3 ಪ್ರೋಟೀನ್. ಸಕ್ಕರೆ ಹೆಚ್ಚಾಗಿ ಕೂರುವುದು ಮೈತುಂಬ ಇರುವ ಸುಮಾರು 2,700 ಪಿ8 ಪ್ರೋಟೀನ್ ಪ್ರತಿಗಳ ಮೇಲೆ. ಪ್ಲಾಕ್ (ಬ್ಯಾಕ್ಟೀರಿಯಾ ಹಾಸಿನಲ್ಲಿ ಫೇಜ್ ಸೋಂಕಿದಲ್ಲಿ ಮೂಡುವ ಚುಕ್ಕೆ) ಎಣಿಕೆ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಮಿಲಿಲೀಟರಿಗೆ 10ರ ಘಾತ 13 ಕಣಗಳಿದ್ದರೆ ಪಿ8 ಸುಮಾರು 45 ಮೈಕ್ರೋಮೋಲಾರ್. ಅದಕ್ಕೆ ಡಿಬಿಸಿಒ-ಎನ್‌ಎಚ್‌ಎಸ್ ಎಸ್ಟರ್ (ಎಸ್ಟರ್ ತುದಿ ಪಿ8ರ ಅಮೀನಿಗೂ ಡಿಬಿಸಿಒ ತುದಿ ಅಜೈಡಿಗೂ ಕಚ್ಚಿಕೊಳ್ಳುವ ಕೊಂಡಿ) 0.2ರಿಂದ 1 ಮಿಲಿಮೋಲಾರ್, ಮುಕ್ಕಾಲು ಗಂಟೆ. ಟ್ರಿಸ್ ಬಫರ್ ಬೇಡವೇ ಬೇಡ, ಅದರ ಅಮೀನು ಎಸ್ಟರನ್ನೆಲ್ಲ ನುಂಗಿಬಿಡುತ್ತದೆ. ಜೆಲ್ ಕಾಲಮ್ ದಾಟಿಸಿ, ಅಜೈಡ್ ಇರುವ ಮ್ಯಾನೋಸ್ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ. ಎಷ್ಟು ಕೂತಿದೆ ಎನ್ನುವುದನ್ನು ಮಾಲ್ಡಿಯಲ್ಲಿ (ಅಣುಗಳ ತೂಕ ಅಳೆಯುವ ಯಂತ್ರ) 5,240 ಡಾಲ್ಟನ್ ಆಸುಪಾಸಿನ ಬರಿಯ ಪಿ8 ಶಿಖರಕ್ಕೆ ಹೋಲಿಸಿ ನೋಡಿ. ದುಡ್ಡು ತಿನ್ನುವುದು ಅಜೈಡ್ ಸಕ್ಕರೆ; ಹಾಗಾಗಿ ಮೊದಲು ಅಗ್ಗದ, ಸಕ್ಕರೆಯಿಲ್ಲದ ಅಜೈಡ್ ಆದ ಅಜಿಡೋಎಥನಾಲ್‌ನಲ್ಲಿ, 100 ಮೈಕ್ರೋಲೀಟರಿನಲ್ಲಿ, ಎಲ್ಲವನ್ನೂ ಪಳಗಿಸಿಕೊಳ್ಳಿ.

ಕೊನೆಗೆ ಉಳಿದ ಡಿಬಿಸಿಒಗೂ ಅಜಿಡೋಎಥನಾಲ್ ಕೊಟ್ಟು ಮುಚ್ಚಲೇಬೇಕು. ನೀರೊಲ್ಲದ ಆ ಗುಂಪು ಯಾವ ಕೋಶಕ್ಕಾದರೂ ಅಂಟುತ್ತದೆ. ಬರಿಯ ಫೇಜ್ ಸರಿಯಾದ ಕಂಟ್ರೋಲ್ (ಹೋಲಿಕೆಯ ಮಾದರಿ) ಅಲ್ಲ. ಡಿಬಿಸಿಒ ಹಾಕಿ ಅಜಿಡೋಎಥನಾಲ್‌ನಿಂದ ಮುಚ್ಚಿದ ಫೇಜೇ ಕಂಟ್ರೋಲ್.

ಬಹುಪಾಲು ಪ್ರಯೋಗಗಳು ಕೆಡುವುದು ಎರಡು ಕಡೆ. ಒಂದು, ಫೇಜ್ ಬೆಳೆಸಿದ ಇ. ಕೋಲಿಯಿಂದ ಬರುವ ವಿಷ, ಎಂಡೋಟಾಕ್ಸಿನ್: ಡೆಂಡ್ರಿಟಿಕ್ ಕೋಶ (ರೋಗನಿರೋಧಕ ಕೋಶ) ಕೆರಳಿದ್ದು ಸಕ್ಕರೆಯಿಂದಲೋ, ಎಂಡೋಟಾಕ್ಸಿನ್ ಗುರುತಿಸುವ ಟಿಎಲ್‌ಆರ್4 ಗ್ರಾಹಕದಿಂದಲೋ ತಿಳಿಯುವುದಿಲ್ಲ. ಅದನ್ನು ತೆಗೆಯಲು ಟ್ರೈಟಾನ್ ಎಕ್ಸ್-114 ಮಾರ್ಜಕ ಶೇ. 1ರಷ್ಟು ಹಾಕಿ 4 ಡಿಗ್ರಿಯಲ್ಲಿ ಬೆರೆಸಿ, 37ಕ್ಕೆ ತಂದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಫೇಜ್ ಇರುವ ಮೇಲಿನ ಪದರ ಮಾತ್ರ ಉಳಿಸಿಕೊಳ್ಳಿ. ಮೂರು ಸಲವಾದರೂ ಬೇಕು. ಇನ್ನೊಂದು, ಎಲೈಸಾ (ಪ್ರತಿಕಾಯದಿಂದ ಅಳೆಯುವ ಪರೀಕ್ಷೆ). ಪಿ8 ಹಿಡಿಯುವ, ಎಚ್‌ಆರ್‌ಪಿ ಎಂಬ ಬಣ್ಣ ಬರಿಸುವ ಕಿಣ್ವ ಜೋಡಿಸಿದ ಪ್ರತಿಕಾಯದಿಂದ ಅಳೆದರೆ ಸಂಕೇತ ಇಳಿಯುತ್ತದೆ, ಫೇಜ್ ಅಂಟಲೇ ಇಲ್ಲವೆಂದು ಕಾಣುತ್ತದೆ. ನಿಜದಲ್ಲಿ ಸಕ್ಕರೆ ಪಿ8ರ ಹೊರತುದಿಯನ್ನೇ ಮರೆಮಾಡಿರುತ್ತದೆ. ಕ್ಯೂಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ಲೆಕ್ಕದಲ್ಲಿ, ಎಣಿಸಿದಾಗ ಫೇಜ್ ಅಲ್ಲೇ ಇತ್ತು. ಈ ಮರೆಯೇ ನಾವು ಹುಡುಕುತ್ತಿದ್ದದ್ದು: ಕೆಲವು ಮೈಕೋಬ್ಯಾಕ್ಟೀರಿಯೋಫೇಜ್‌ಗಳು ಸ್ವಾಭಾವಿಕವಾಗಿಯೇ ಮೈಮೇಲೆ ಸಕ್ಕರೆ ಹೊತ್ತು ಪ್ರತಿಕಾಯಗಳ ಹಿಡಿತ ಕಡಿಮೆ ಮಾಡಿಕೊಳ್ಳುತ್ತವೆ.

ಡಿಸಿ-ಸೈನ್ (ಡೆಂಡ್ರಿಟಿಕ್ ಕೋಶದ ಮೇಲಿನ, ಮ್ಯಾನೋಸ್ ಹಿಡಿಯುವ ಗ್ರಾಹಕ) ಪರೀಕ್ಷೆಗೆ ಕ್ಯಾಲ್ಸಿಯಂ ಬೇಕು, ಫಾಸ್ಫೇಟ್ ಬಫರಿನಲ್ಲಿ ಅದು ಗಸಿಯಾಗುತ್ತದೆ, ಹೆಪಿಸ್ ಬಫರ್ ಬಳಸಿ. ಇಡಿಟಿಎ (ಕ್ಯಾಲ್ಸಿಯಂ ಕಸಿಯುತ್ತದೆ) ಅಥವಾ ಮ್ಯಾನನ್ (ಮ್ಯಾನೋಸ್ ಸರಪಳಿ, ಗ್ರಾಹಕಕ್ಕೆ ಪೈಪೋಟಿ ಕೊಡುತ್ತದೆ) ಹಾಕಿದಾಗ ಬಂಧ ಬಿಡದಿದ್ದರೆ ಫಲಿತಾಂಶ ನಂಬಬೇಡಿ. ಸಕ್ಕರೆ ತೀರಾ ದಟ್ಟವಾದರೂ ಬಂಧ ಕುಗ್ಗುತ್ತದೆ; ಒಂದು ಫೇಜ್‌ಗೆ ಸಕ್ಕರೆಯ ಕೆಲವು ನೂರು ಪ್ರತಿಗಳಲ್ಲಿ ನಮಗೆ ಚೆನ್ನಾಗಿ ಸಿಕ್ಕಿತು.

ಪಕ್ಕದಲ್ಲಿ ಗ್ಯಾಲಕ್ಟೋಸ್ ಕೂಡ ಹೊದಿಸಿದ್ದೇವೆ. ಇಲಿಯ ರಕ್ತದಲ್ಲಿ ಅಂಥ ಎಂ13 ಬಹಳ ಹೊತ್ತು ನಿಲ್ಲುವುದಿಲ್ಲ, ಯಕೃತ್ತು ಎಳೆದುಕೊಳ್ಳುತ್ತದೆ. ಚಿಕಿತ್ಸೆಗೆ ಅದು ಬೇಡ.