ಆಸ್ಟ್ರೋಸೈಟಿನ ಮೈಮೇಲೆ ಜಿಎಲ್‌ಟಿ-1 ಎಲ್ಲಿದೆ: ನನ್ನ ಅನುಭವ

ಮೊದಲ ಚಿತ್ರ ಕಂಡಾಗ ಪ್ರಯೋಗ ಕೆಟ್ಟಿತೆಂದೇ ನಾನು ತೀರ್ಮಾನಿಸಿದ್ದೆ. ಬಳ್ಳಾರಿಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಲೇ ಪಿಎಚ್‌ಡಿಗೆ ನೋಂದಾಯಿಸಿಕೊಂಡಿದ್ದ ನಾನು, ನರಕೋಶಗಳು ಹೊರಬಿಟ್ಟ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಒಳಗೆ ಸೆಳೆದುಕೊಳ್ಳುವ ಜಿಎಲ್‌ಟಿ-1 ಎಂಬ ಸಾಗಣೆ ಪ್ರೋಟೀನು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಮಿದುಳಿನ ಕೋಶದ ಮೈಯಲ್ಲಿ ಎಲ್ಲೆಲ್ಲಿ ನೆಲೆಸಿದೆ ಎಂಬುದನ್ನು ಬಿಳಿ ಇಲಿಯ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಗುರುತಿಸಲು ಹೊರಟಿದ್ದೆ. ಮುನ್ಮಿದುಳಿನ ಗ್ಲುಟಮೇಟ್ ಹೀರಿಕೆಯಲ್ಲಿ ಬಹುಪಾಲು ಇದರದೇ ಕೆಲಸ. ಈ ಪ್ರೋಟೀನಿನ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಚಿಟ್ಟಿಲಿಗಳು ಮಾರಣಾಂತಿಕ ಸೆಳವಿಗೆ ತುತ್ತಾದದ್ದು 1997ರಲ್ಲೇ ವರದಿಯಾಗಿತ್ತು.

ಪ್ರೋಟೀನು ಇದೆ ಎಂದು ತಿಳಿದರೆ ಸಾಲದೆ, ಎಲ್ಲಿದೆ ಎಂದೇಕೆ ಕೇಳಬೇಕು? ಜಿಎಲ್‌ಟಿ-1 ಒಂದು ಗ್ಲುಟಮೇಟ್ ಅಣುವನ್ನು ಮೂರು ಸೋಡಿಯಂ ಅಯಾನುಗಳೊಂದಿಗೆ ಕೋಶದೊಳಗೆ ದಾಟಿಸಿ, ಪೊಟ್ಯಾಸಿಯಂ ಅಯಾನೊಂದನ್ನು ಹೊರಗೆ ಬಿಟ್ಟು, ಮತ್ತೆ ಸಿದ್ಧವಾಗುವುದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನ ಕಂಡಿಯಿಂದ ಗ್ಲುಟಮೇಟ್ ಒಂದೆರಡು ಮಿಲಿಸೆಕೆಂಡಿನಲ್ಲಿ ತೆರವಾಗುತ್ತದೆ. ಅಂದರೆ ಈ ಪ್ರೋಟೀನು ಮೊದಲ ಕ್ಷಣದಲ್ಲಿ ಗ್ಲುಟಮೇಟನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಆಗಲೇ ಸಾಗಿಸಿ ಮುಗಿಸುವುದಿಲ್ಲ. ಹಾಗೆ ಹಿಡಿಯಬೇಕಾದರೆ ಅದು ದೊಡ್ಡ ಸಂಖ್ಯೆಯಲ್ಲಿ, ಸಿನಾಪ್ಸ್‌ಗೆ ಹತ್ತಿರವಾಗಿಯೇ ಇರಬೇಕು.

ಪ್ರಾಣಿ ನೈತಿಕ ಸಮಿತಿಯ ಅನುಮತಿ ದೊರೆತದ್ದು ಏಪ್ರಿಲ್ ಕೊನೆಗೆ. ಹೀಗಾಗಿ ಬಳ್ಳಾರಿಯ ಕಡುಬೇಸಿಗೆಯಲ್ಲೇ ಕೆಲಸ ಆರಂಭಿಸಬೇಕಾಯಿತು. ಪೂರ್ಣ ಅರಿವಳಿಕೆಯಲ್ಲಿರುವ ಇಲಿಯ ಎಡ ಹೃತ್ಕುಕ್ಷಿಗೆ ಸೂಜಿ ಇಳಿಸಿ, ಮೊದಲು ಲವಣದ್ರಾವಣದಿಂದ ರಕ್ತವನ್ನು ತೊಳೆದು, ಆಮೇಲೆ ಅಂಗಾಂಶವನ್ನು ಕೆಡದಂತೆ ಹಿಡಿದಿಡುವ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್ ಹಾಯಿಸಬೇಕು. ಯಕೃತ್ತು ಕೆಂಪು ಬಿಟ್ಟು ಬಿಳಿಚಿಕೊಂಡರೆ ರಕ್ತ ಹೊರಟುಹೋಗಿದೆ ಎಂದರ್ಥ. ಮೊದಲ ಇಲಿಯಲ್ಲಿ ಸೂಜಿ ಎರಡು ಬಾರಿ ಜಾರಿತು, ಯಕೃತ್ತು ಅರ್ಧ ಕೆಂಪಾಗಿಯೇ ಉಳಿಯಿತು, ಆದರೂ ನಡೆದೀತೆಂದು ಮುಂದುವರಿದೆ. ಕಂಪಿಸುವ ಅಲಗಿನಿಂದ ಅಂಗಾಂಶವನ್ನು ಕೊಯ್ಯುವ ಯಂತ್ರವಾದ ವೈಬ್ರಟೋಮಿನ ತೊಟ್ಟಿಯ ಮಂಜುಗಡ್ಡೆಯನ್ನು ಮತ್ತೆ ಮತ್ತೆ ತುಂಬಿಸುತ್ತ 40 ಮೈಕ್ರೊಮೀಟರ್ ದಪ್ಪದ ಹೋಳುಗಳನ್ನು ಕೊಯ್ದು, ಚಿತ್ರ ಬಿಡಿಸುವ ಸಣ್ಣ ಕುಂಚದಿಂದ ಒಂದೊಂದನ್ನೇ ಎತ್ತಿ, ಬೇಕಾದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗುರುತಿಸುವ ಪ್ರತಿಕಾಯದ ದ್ರಾವಣಕ್ಕೆ ಬಿಟ್ಟೆ. ಹೋಳು ಕುಂಚದ ಕೂದಲಿಗೆ ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತದೆ. ಎಳೆದರೆ ಹರಿಯುತ್ತದೆ, ದ್ರಾವಣದಲ್ಲಿ ಅದ್ದಿ ಕಾದರೆ ತಾನೇ ಬಿಡಿಸಿಕೊಳ್ಳುತ್ತದೆ. ಕನ್‌ಫೋಕಲ್ ಸೂಕ್ಷ್ಮದರ್ಶಕ ನಮ್ಮಲ್ಲಿರಲಿಲ್ಲವಾದ್ದರಿಂದ ಸ್ಲೈಡುಗಳನ್ನು ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಒಯ್ಯುತ್ತಿದ್ದೆ.

ಚಿತ್ರದಲ್ಲಿ ಎರಡು ಸಂಗತಿಗಳು ಕಂಡವು. ರಕ್ತನಾಳಗಳ ಉದ್ದಕ್ಕೂ ಜಿಎಲ್‌ಟಿ-1ರ ಗುರುತಾದ ಹಸಿರು ಢಾಳಾಗಿ ಹೊಳೆಯುತ್ತಿತ್ತು. ಆಸ್ಟ್ರೋಸೈಟನ್ನು ಗುರುತಿಸಲು ಕೆಂಪಾಗಿ ಬಣ್ಣಗಟ್ಟಿದ್ದ ಜಿಎಫ್‌ಎಪಿ ಎಂಬ ಇನ್ನೊಂದು ಪ್ರೋಟೀನಿನ ತೋಳುಗಳ ಮೇಲೆ ಮಾತ್ರ ಹಸಿರು ಅಷ್ಟಾಗಿ ಇರಲಿಲ್ಲ. ತೋಳುಗಳ ನಡುವಿನ ಜಾಗವನ್ನೆಲ್ಲ ಮಂಜಿನಂತೆ ತುಂಬಿಕೊಂಡಿತ್ತು. ಪ್ರೋಟೀನು ನಾಳದ ಬಳಿ ಇದೆ, ಉಳಿದದ್ದು ಹಿನ್ನೆಲೆಯ ಕೊಳೆ ಎಂದು ನಾನು ಟಿಪ್ಪಣಿ ಬರೆದೆ. ಎರಡೂ ತಪ್ಪಾಗಿದ್ದವು.

ಮೊದಲ ತಪ್ಪು ಬೇಗ ಸಿಕ್ಕಿಬಿದ್ದಿತು. ಜಿಎಲ್‌ಟಿ-1ಕ್ಕೆ ಅಂಟುವ ಮೊದಲ ಪ್ರತಿಕಾಯವನ್ನೇ ಹಾಕದ ಹೋಳಿನಲ್ಲೂ ನಾಳಗಳು ಅಷ್ಟೇ ಹೊಳೆದವು. ಸರಿಯಾಗಿ ತೊಳೆಯದೆ ಉಳಿದ ಕೆಂಪು ರಕ್ತಕಣಗಳು ತಾವಾಗಿಯೇ ಬೆಳಗುತ್ತಿದ್ದವು. ಎರಡನೆಯದು ತಿಳಿಯಲು ತಿಂಗಳುಗಳೇ ಹಿಡಿದವು. ಜಿಎಫ್‌ಎಪಿ ಎಂಬುದು ಆಸ್ಟ್ರೋಸೈಟಿನ ಒಳಗಿನ ಎಳೆಗಳ ಪ್ರೋಟೀನು. ಅದು ಆವರಿಸುವುದು ಕೋಶದ ಗಾತ್ರದ ಸುಮಾರು ಶೇ. 15ನ್ನಷ್ಟೇ. ಬಳ್ಳಾರಿ ಜಾಲಿಯ ಪೊದೆಯಲ್ಲಿ ಕಾಂಡವನ್ನೂ ದಪ್ಪ ಕೊಂಬೆಗಳನ್ನೂ ಎಣಿಸಿ, ಎಲೆಗಳನ್ನು ಪೊದೆಯಲ್ಲವೆಂದು ಬದಿಗಿಟ್ಟಂತೆ ನಾನು ಮಾಡಿದ್ದೆ. ಸಿನಾಪ್ಸ್‌ಗಳ ನಡುವೆ ನುಸುಳುವ ತೆಳುಪೊರೆಯಂಥ ಚಾಚಿಕೆಗಳಲ್ಲಿ ಜಿಎಫ್‌ಎಪಿ ಇರುವುದೇ ಇಲ್ಲ, ಜಿಎಲ್‌ಟಿ-1 ಹೇರಳವಾಗಿರುವುದು ಅಲ್ಲಿಯೇ. ನಾನು ಕೊಳೆ ಎಂದ ಮಂಜೇ ನಾನು ಹುಡುಕುತ್ತಿದ್ದ ಪ್ರೋಟೀನಾಗಿತ್ತು.

ಆಗಸ್ಟ್‌ನಲ್ಲಿ ಚೆನ್ನಾಗಿ ತೊಳೆದ ಹೊಸ ಮಿದುಳಿನ ಮೇಲೆ ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆಯ ಪ್ರೋಟೀನನ್ನೂ ಜೊತೆಯಲ್ಲಿ ಗುರುತಿಸಿದೆ. ಅದು ನಾಳವನ್ನು ಅಪ್ಪಿಕೊಂಡ ಆಸ್ಟ್ರೋಸೈಟಿನ ಪಾದಗಳಲ್ಲಿ ಗೆರೆ ಎಳೆದಂತೆ ನಿಂತಿತ್ತು. ಜಿಎಲ್‌ಟಿ-1 ಅಲ್ಲಿ ತೆಳುವಾಗಿ, ನರಕೋಶಗಳ ಒಡಲುಗಳ ನಡುವೆ ಚಾಚಿಕೆಗಳೂ ಸಿನಾಪ್ಸ್‌ಗಳೂ ಹೆಣೆದುಕೊಂಡ ಜಾಗವಾದ ನ್ಯೂರೊಪಿಲ್‌ನಲ್ಲಿ ದಟ್ಟವಾಗಿತ್ತು, ಪಿರಮಿಡ್ ನರಕೋಶಗಳ ಒಡಲು ಮಾತ್ರ ಕಪ್ಪು ರಂಧ್ರಗಳಂತೆ ಉಳಿದಿದ್ದವು. ಒಂದೇ ಕೋಶದ ಎರಡು ಪ್ರೋಟೀನುಗಳಿಗೆ ಎರಡು ವಿಳಾಸಗಳಿರುವುದನ್ನು ಕಣ್ಣಾರೆ ಕಂಡದ್ದು ಅಂದೇ.

ಉತ್ಸಾಹದಲ್ಲಿ ನಾನು ಪ್ರಬಂಧದಲ್ಲಿ ‘ಸಿನಾಪ್ಸ್‌ನ ಅಂಚಿನಲ್ಲಿ ಜಿಎಲ್‌ಟಿ-1 ಕಂಡುಬಂದಿತು’ ಎಂದು ಬರೆದಿದ್ದೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಬಿಂದುಗಳು ಬೇರೆಯಾಗಿ ಕಾಣವು, ಆ ಚಾಚಿಕೆಗಳೋ ಅದಕ್ಕಿಂತಲೂ ತೆಳ್ಳಗೆ. ಪೊರೆಯ ಯಾವ ಪಕ್ಕದಲ್ಲಿ ಎಷ್ಟು ಎಂಬುದನ್ನು 1995ರಲ್ಲಿ ತೋರಿಸಿದ್ದು ಚಿನ್ನದ ಕಣಗಳನ್ನು ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದವರು; ನ್ಯೂರೊಪಿಲ್‌ಗೆ ಮುಖ ಮಾಡಿದ ಪೊರೆಯಲ್ಲಿ ಅದು ಹೆಚ್ಚು, ನಾಳಕ್ಕೆ ಮುಖ ಮಾಡಿದ ಪೊರೆಯಲ್ಲಿ ಕಡಿಮೆ ಎಂಬುದು ಅವರ ಎಣಿಕೆ. ನನ್ನ ಮಾರ್ಗದರ್ಶಕರು ಏನೂ ಹೇಳದೆ ‘ಸಿನಾಪ್ಸ್‌ನ ಅಂಚಿನಲ್ಲಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ನ್ಯೂರೊಪಿಲ್‌ನಲ್ಲಿ’ ಎಂದು ಬರೆದು ಹಾಳೆಯನ್ನು ಹಿಂದಿರುಗಿಸಿದರು.